ಸ್ಥಿತಿಯೂ ಸ್ವಭಾವವೂ



೧

ಗತಿಸಿದ ಹಿರಿಯರ ನೆನಪನ್ನು ಕಲ್ಲಿನ ಮೂರ್ತಿಯಲ್ಲಿ ನಿಲ್ಲಿಸುವುದಕ್ಕಿಂತ, ವರ್ಷಕ್ಕೊಮ್ಮೆ ನಾಲ್ಕು ಜನ ಕಲೆತು ವಿಚಾರ ಮಾಡುವ ಒಂದು ಸಂಜೆಯಲ್ಲಿ ನಿಲ್ಲಿಸುವುದೇ ಲೇಸೆಂದು ಬಗೆದು ಈ ದತ್ತಿಯನ್ನು ಏರ್ಪಡಿಸಿದವರ ಉದಾರಬುದ್ಧಿಗೆ ಮೊದಲು ನನ್ನ ವಂದನೆಗಳು ಸಲ್ಲಬೇಕು. ಇಂಥ ವೇದಿಕೆಯಿಂದ ಮಾತನಾಡುವವನು ಸಭೆಗೆ ಪ್ರಿಯವಾದುದನ್ನು ಹೇಳುವುದಕ್ಕಿಂತ ತನಗೆ ಸತ್ಯವೆಂದು ಕಂಡುದನ್ನು ಹೇಳಲು ಹೆಚ್ಚು ಬದ್ಧನಾಗಿರುತ್ತಾನೆ. ಆ ಕಟ್ಟುಪಾಡನ್ನು ನೆನೆದೇ ನಾನು ಈ ಹೊತ್ತಿನ ವಿಷಯವನ್ನು ಆರಿಸಿಕೊಂಡಿದ್ದೇನೆ. ಒಂದು ಜನವನ್ನು ಕುರಿತು ಇನ್ನೊಂದು ಜನ ತಳೆಯುವ ಸಿದ್ಧಾಭಿಪ್ರಾಯವು ಹೇಗೆ ಹುಟ್ಟುತ್ತದೆ, ಹೇಗೆ ಗಟ್ಟಿಯಾಗುತ್ತದೆ, ಅದನ್ನೇ ಕನ್ನಡಿಯಾಗಿ ಹಿಡಿದು ನಾವು ನಮ್ಮ ಮುಖವನ್ನು ನೋಡಿಕೊಂಡಾಗ ನಮ್ಮ ಮನೋಧರ್ಮಕ್ಕೆ ಏನಾಗುತ್ತದೆ ಎಂಬುದೇ ಆ ವಿಷಯ.

'ಭಾರತೀಯರು ಪರಲೋಕಚಿಂತಕರು', 'ಪಾಶ್ಚಾತ್ಯರು ಭೋಗಪರರು', 'ದಕ್ಷಿಣದವರೆಲ್ಲ ಮದ್ರಾಸಿಗಳು', 'ಕನ್ನಡಿಗರು ನಿರಭಿಮಾನಿಗಳು' ಎಂಬಂಥ ಮಾತುಗಳು ನಮ್ಮ ನಾಲಗೆಯ ಮೇಲೆ ಎಷ್ಟು ಸಲೀಸಾಗಿ ಹೊರಳುತ್ತವೆಂದರೆ, ಅವುಗಳನ್ನು ಆಡುವಾಗ ನಾವು ವಿಚಾರ ಮಾಡುತ್ತಿದ್ದೇವೆಂದೇ ಭಾವಿಸುತ್ತೇವೆ. ಇಂಥ ಮಾತಿಗೆ ಇಂಗ್ಲಿಷಿನಲ್ಲಿ 'ಸ್ಟೀರಿಯೋಟೈಪ್' ಎಂಬ ಹೆಸರಿದೆ. ಕನ್ನಡದಲ್ಲಿ ಪಡಿಯಚ್ಚು ಎನ್ನಬಹುದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಮುದ್ರಣಾಲಯದಲ್ಲಿ ಹುಟ್ಟಿದ ಆ ಶಬ್ದಕ್ಕೆ ಇಂದಿನ ಸಾಮಾಜಿಕ ಅರ್ಥವನ್ನು ರೂಢಿಗೆ ತಂದವನು ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್, ೧೯೨೨ರಲ್ಲಿ. ಹೆಸರಿನ ಮೂಲವೇ ವಿಷಯದ ಒಳಗನ್ನು ತೆರೆದು ತೋರಿಸುವುದರಿಂದ ಅದನ್ನು ಸ್ವಲ್ಪ ವಿವರಿಸುತ್ತೇನೆ.

ನನ್ನ ಮೊದಲ ಪುಸ್ತಕ ಅಚ್ಚಾಗುತ್ತಿದ್ದ ದಿನಗಳಲ್ಲಿ ನಾನು ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವರ ಪಕ್ಕದಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದೆ. ಕರಡಿನಲ್ಲಿ ನಾನು ಗುರುತಿಸಿಕೊಟ್ಟ ತಪ್ಪನ್ನು ಅವರು ಒಂದು ಕ್ಷಣ ದಿಟ್ಟಿಸಿ, ಜೋಡಿಸಿದ ಸಾಲಿನೊಳಗಿಂದ ಆ ಒಂದೇ ಮೊಳೆಯನ್ನು ಚಿಮಟದಿಂದ ಮೇಲೆತ್ತಿ, ಅದರ ಮನೆಗೆ ಹಾಕಿ, ಸರಿಯಾದ ಇನ್ನೊಂದನ್ನು ಆಯ್ದು ಕೂರಿಸಿ, ಬೆರಳ ತುದಿಯಿಂದ ಒತ್ತಿ ಮಟ್ಟ ನೋಡುತ್ತಿದ್ದರು. ಒತ್ತು ತಪ್ಪಿದ್ದರೆ ಒತ್ತು, ದೀರ್ಘ ತಪ್ಪಿದ್ದರೆ ದೀರ್ಘ, ಒಂದೊಂದಾಗಿ ತಿದ್ದಲು ಅಲ್ಲಿ ಎಡೆಯಿತ್ತು. ಪಡಿಯಚ್ಚಿನ ಕ್ರಮವೇ ಬೇರೆ. ಜೋಡಿಸಿದ ಪುಟದ ಅಚ್ಚನ್ನು ತೆಗೆದು, ಅದರೊಳಗೆ ಕರಗಿದ ಸೀಸವನ್ನು ಹೊಯ್ದು, ಇಡೀ ಪುಟವನ್ನು ಒಂದೇ ಫಲಕವಾಗಿ ಎರಕ ಹೊಯ್ಯುತ್ತಾರೆ. ಮತ್ತೆ ಮೊಳೆ ಜೋಡಿಸುವ ಶ್ರಮವಿಲ್ಲದೆ ಅದರಿಂದ ಸಾವಿರಾರು ಪ್ರತಿಗಳನ್ನು ತೆಗೆಯಬಹುದು. ಸೌಕರ್ಯವೇನೋ ದೊಡ್ಡದು, ಆದರೆ ಆ ಫಲಕದಲ್ಲಿ ಒಂದು ಅಕ್ಷರ ತಪ್ಪಿದ್ದರೆ ಅದನ್ನು ಚಿಮಟದಿಂದ ಎತ್ತಲಾಗದು. ಜನರನ್ನು ಕುರಿತ ನಮ್ಮ ಸಿದ್ಧಾಭಿಪ್ರಾಯಗಳ ಸೌಕರ್ಯವೂ ಅಪಾಯವೂ ಇಷ್ಟೇ.

ಈ ಫಲಕಗಳು ಬರಿಯ ಸುಳ್ಳಿನಿಂದ ಎರಕಗೊಂಡವುಗಳೆಂದು ನಾನು ಹೇಳಲಾರೆ. ಹಾಗಿದ್ದರೆ ಅವು ಇಷ್ಟು ಕಾಲ ಬಾಳುತ್ತಿರಲಿಲ್ಲ. ಎಲ್ಲೋ ಒಂದೆಡೆ, ಯಾವುದೋ ಒಂದು ಕಾಲದಲ್ಲಿ, ಒಂದಷ್ಟು ಜನರ ನಡತೆಯಲ್ಲಿ ಕಂಡ ಸಂಗತಿಯೇ ಅವುಗಳ ಬೀಜ. ದೋಷವಿರುವುದು ಕಂಡುದರಲ್ಲಲ್ಲ, ಕಂಡುದಕ್ಕೆ ಕೊಟ್ಟ ಹೆಸರಿನಲ್ಲಿ. ಯಾವುದು ಒಂದು ಕಾಲದ, ಒಂದು ಎಡೆಯ, ಒಂದು ಇಕ್ಕಟ್ಟಿನ ಸ್ಥಿತಿಯೋ ಅದನ್ನು ಆ ಜನದ ಸ್ವಭಾವವೆಂದು ಕರೆಯುವುದೇ ಪಡಿಯಚ್ಚಿನ ಮೂಲದೋಷ. ಸ್ಥಿತಿಯು ಬದಲಾಗತಕ್ಕುದು, ಸ್ವಭಾವವು ರಕ್ತಗತವಾದುದೆಂದು ಲೋಕದ ನಂಬಿಕೆ. ಮೊದಲನೆಯದನ್ನು ಎರಡನೆಯದೆಂದು ಕರೆದೊಡನೆಯೇ ನಾವು ಒಂದು ಜನದ ಮುಂದಣ ಬಾಗಿಲನ್ನು ಮುಚ್ಚಿದಂತಾಗುತ್ತದೆ. ನಾನು ಇಂದು ಹೇಳಬೇಕಾದುದೆಲ್ಲ ಈ ಒಂದು ಮಾತಿನ ವಿಸ್ತರಣೆಯೆಂದು ತಾವು ತಿಳಿಯಬೇಕು.

೨

ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ಚಿತ್ರವನ್ನು ಬರೆದ ಇಬ್ಬರು ವಿದ್ವಾಂಸರನ್ನು ನೆನೆಯೋಣ. ಜೇಮ್ಸ್ ಮಿಲ್ ಎಂಬುವನು ಬ್ರಿಟಿಷ್ ಇಂಡಿಯಾದ ಚರಿತ್ರೆಯನ್ನು ೧೮೧೭ರಲ್ಲಿ ಪ್ರಕಟಿಸಿದನು. ಆತ ಭಾರತಕ್ಕೆ ಬಂದವನಲ್ಲ. ಇಲ್ಲಿಯ ಭಾಷೆಗಳನ್ನು ಬಲ್ಲವನೂ ಅಲ್ಲ. ಹಾಗೆ ಬಾರದಿದ್ದುದೂ ಕಲಿಯದಿದ್ದುದೂ ನಿಷ್ಪಕ್ಷಪಾತವಾದ ವಿಮರ್ಶೆಗೆ ಅನುಕೂಲವೇ ಎಂದು ಅವನು ತನ್ನ ಮುನ್ನುಡಿಯಲ್ಲಿ ವಾದಿಸಿದನು. ಹಿಂದೂಗಳ ಸುಳ್ಳು, ಕಪಟ, ಆಲಸ್ಯ, ಸ್ತ್ರೀಯರನ್ನು ಹೀನವಾಗಿ ಕಾಣುವ ರೂಢಿ ಇವೆಲ್ಲ ಆ ಗ್ರಂಥದಲ್ಲಿ ಒಂದು ನಾಗರಿಕತೆಯ ಶಾಶ್ವತ ಲಕ್ಷಣಗಳಾಗಿ ನಿಂತುವು. ಭಾರತಕ್ಕೆ ಅಧಿಕಾರಿಗಳಾಗಿ ಬರಲಿದ್ದ ಯುವಕರು ಹೇಲಿಬರಿಯ ಕಾಲೇಜಿನಲ್ಲಿ ಅದನ್ನೇ ಓದಿ ಹಡಗು ಹತ್ತಿದರು.

ಇನ್ನೊಬ್ಬರು ಮ್ಯಾಕ್ಸ್ ಮುಲ್ಲರ್. ೧೮೮೨ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ, ಅಂಥ ಭಾವೀ ಅಧಿಕಾರಿಗಳ ಮುಂದೆಯೇ, ಭಾರತವು ನಮಗೆ ಏನನ್ನು ಕಲಿಸಬಲ್ಲುದೆಂಬ ವಿಷಯವಾಗಿ ಅವರು ಉಪನ್ಯಾಸ ಮಾಡಿ, ಮಿಲ್ಲನ ದೋಷಾರೋಪಗಳನ್ನೆಲ್ಲ ಖಂಡಿಸಿ, ಈ ದೇಶದ ಸತ್ಯಸಂಧತೆಯನ್ನೂ ತತ್ತ್ವಜ್ಞಾನವನ್ನೂ ಕೊಂಡಾಡಿದರು. ಮುಲ್ಲರರ ಸಂಸ್ಕೃತಪಾಂಡಿತ್ಯ ಗಹನವಾದುದು, ಪ್ರೀತಿ ನಿಷ್ಕಪಟವಾದುದು. ನಾವು ಅವರಿಗೆ ಋಣಿಗಳು. ಆದರೆ ಅವರೂ ಭಾರತವನ್ನು ಕಣ್ಣಾರೆ ಕಂಡವರಲ್ಲ. ನಿಂದಿಸಿದವನೂ ನೋಡಲಿಲ್ಲ, ಸ್ತುತಿಸಿದವರೂ ನೋಡಲಿಲ್ಲ. ಎರಡು ಚಿತ್ರಗಳೂ ಗ್ರಂಥಾಲಯದಲ್ಲಿಯೇ ರಚಿತವಾದುವು. ನಾವು ಮಾಡಿದ್ದೇನೆಂದರೆ, ಮೊದಲನೆಯದನ್ನು ಶತ್ರುವಿನ ಅಪಪ್ರಚಾರವೆಂದು ನೂಕಿ, ಎರಡನೆಯದನ್ನು ದೇವರಮನೆಯಲ್ಲಿ ತೂಗುಹಾಕಿಕೊಂಡೆವು.

ಈ ವಿವಾದದ ನಡುವೆ, ಮುಲ್ಲರರು ಆಧಾರವಾಗಿ ಎತ್ತಿಕೊಂಡ ಒಂದು ಸಾಕ್ಷ್ಯ ನನಗೆ ಬಹು ಅಮೂಲ್ಯವಾಗಿ ತೋರಿದೆ. ಅದು ಕರ್ನಲ್ ಸ್ಲೀಮನ್ ಎಂಬ ಅಧಿಕಾರಿಯದು. ಮಧ್ಯಭಾರತದ ಹಳ್ಳಿಗಳಲ್ಲಿ ವರ್ಷಗಟ್ಟಲೆ ಕುದುರೆಯ ಮೇಲೆ ತಿರುಗಿ, ಜನರೊಡನೆ ಅವರ ನುಡಿಯಲ್ಲಿಯೇ ಮಾತನಾಡಿದ ಸ್ಲೀಮನ್ ಕಂಡುದೇನೆಂದರೆ, ತನ್ನವರ ನಡುವೆ, ಊರಿನ ಪಂಚಾಯಿತಿಯಲ್ಲಿ, ಆಸ್ತಿಯೋ ಪ್ರಾಣವೋ ಹೋಗುವಂತಿದ್ದರೂ ಸುಳ್ಳಾಡಲು ಒಪ್ಪದ ಅದೇ ರೈತನು, ಪರಭಾಷೆಯ, ಪರಕೀಯ ನಿಯಮಗಳ ಸರ್ಕಾರಿ ನ್ಯಾಯಾಲಯದ ಕಟ್ಟೆಯೇರಿದಾಗ ಸುಳ್ಳಾಡಲು ಹಿಂಜರಿಯುವುದಿಲ್ಲ. ಹಾಗಾದರೆ ಅವನ ಸ್ವಭಾವವು ಸತ್ಯವೋ ಸುಳ್ಳೋ? ಈ ಪ್ರಶ್ನೆಯೇ ತಪ್ಪು. ತನ್ನನ್ನು ಬಲ್ಲವರ ಮುಂದೆ ನಿಂತ ಸ್ಥಿತಿ ಒಂದು. ತನ್ನನ್ನು ಅರಿಯದ, ತಾನೂ ಅರಿಯದ ಅಧಿಕಾರದ ಮುಂದೆ ನಿಂತ ಸ್ಥಿತಿ ಇನ್ನೊಂದು. ಮಿಲ್ ಕಂಡುದು ನ್ಯಾಯಾಲಯದ ಕಟ್ಟೆಯ ಮೇಲಿನ ರೈತನನ್ನು, ಅದೂ ಪರರ ವರದಿಗಳಲ್ಲಿ. ಅಲ್ಲಿಂದ ಅವನು ಒಂದು ಇಡೀ ದೇಶದ ಶೀಲಕ್ಕೆ ತೀರ್ಪು ಕೊಟ್ಟನು.

೩

ಸ್ತುತಿಯ ಚಿತ್ರವೂ ನಮ್ಮನ್ನು ಕಟ್ಟಿಹಾಕಬಲ್ಲುದೆಂಬುದಕ್ಕೆ ನಮ್ಮ ಮೈಸೂರಿನಲ್ಲಿಯೇ ಒಂದು ಉಜ್ವಲವಾದ ನಿದರ್ಶನವುಂಟು. ಭಾರತೀಯರು ಮೋಕ್ಷವನ್ನು ಧ್ಯಾನಿಸುವ ಜನ, ಲೋಕವ್ಯವಹಾರದಲ್ಲಿಯೂ ರಾಜ್ಯತಂತ್ರದಲ್ಲಿಯೂ ಅವರಿಗೆ ಆಸಕ್ತಿಯಿಲ್ಲ, ಆದುದರಿಂದ ಆಳುವುದು ಅವರಿಗೆ ಒಗ್ಗಿದ ಕೆಲಸವಲ್ಲ ಎಂಬ ಮಾತು ಯೂರೋಪಿನಲ್ಲಿ ಹಬ್ಬಿದ್ದ ಕಾಲದಲ್ಲಿ, ತಂಜಾವೂರು ಪ್ರಾಂತದ ಪಂಡಿತರೊಬ್ಬರು ಗ್ರಂಥಲಿಪಿಯ ಒಂದು ತಾಳೆಗರಿಯ ಕಟ್ಟನ್ನು ತಂದು ಮೈಸೂರಿನ ಸರ್ಕಾರಿ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದರು. ಅಲ್ಲಿಯ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು ಆ ಗರಿಗಳನ್ನು ಬಿಡಿಸಿ ಓದಿದಾಗ, ಹೆಸರು ಮಾತ್ರ ಉಳಿದು ಗ್ರಂಥವು ಕಣ್ಮರೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರವೇ ಅದೆಂದು ಗೊತ್ತಾಯಿತು. ೧೯೦೫ರಿಂದ ಅದರ ಭಾಗಗಳ ಅನುವಾದವನ್ನು ಪ್ರಕಟಿಸುತ್ತ ಬಂದ ಶಾಸ್ತ್ರಿಗಳು ೧೯೦೯ರಲ್ಲಿ ಮೂಲವನ್ನೂ, ೧೯೧೫ರಲ್ಲಿ ಸಂಪೂರ್ಣ ಇಂಗ್ಲಿಷ್ ಅನುವಾದವನ್ನೂ ಹೊರತಂದರು.

ಆ ಗ್ರಂಥದಲ್ಲಿ ಏನಿದೆಯೆಂಬುದನ್ನು ಹತ್ತಿರದಿಂದ ನೋಡಬೇಕು. ಗಣಿ, ಟಂಕಸಾಲೆ, ತೂಕ, ಅಳತೆ, ಆನೆ, ಕುದುರೆ, ನೂಲು, ಸುಂಕ, ಗೂಢಚರ್ಯೆ ಇವೆಲ್ಲಕ್ಕೂ ಅಲ್ಲಿ ಪ್ರತ್ಯೇಕ ವಿಧಿಗಳಿವೆ. ಮಂತ್ರಿ ಸೇನಾಪತಿಗಳಿಗೆ ೪೮,೦೦೦ ಪಣಗಳಿಂದ ಹಿಡಿದು ಕಟ್ಟಕಡೆಯ ಸೇವಕನಿಗೆ ೬೦ ಪಣಗಳವರೆಗೆ ಸಂಬಳದ ಪಟ್ಟಿಯಿದೆ. ರಾಜಾದಾಯವನ್ನು ಅಧಿಕಾರಿಗಳು ಅಪಹರಿಸುವ ೪೦ ಬಗೆಗಳನ್ನು ಕೌಟಿಲ್ಯನು ಒಂದೊಂದಾಗಿ ಎಣಿಸಿದ್ದಾನೆ: ಮೊದಲು ಬಂದುದನ್ನು ಆಮೇಲೆ ಬಂದಂತೆ ಬರೆಯುವುದು, ಕೊಟ್ಟುದನ್ನು ಕೊಡಲಿಲ್ಲವೆನ್ನುವುದು, ತೂಕದಲ್ಲಿ ತಪ್ಪುವುದು, ಅಳತೆಯಲ್ಲಿ ತಪ್ಪುವುದು ಮುಂತಾಗಿ. ಲೋಕವನ್ನು ಮಾಯೆಯೆಂದು ಬಿಟ್ಟ ಜನದ ಬರೆಹವಲ್ಲ ಇದು. ಲೆಕ್ಕದ ಪುಸ್ತಕವನ್ನು ಸಾಲುಸಾಲಾಗಿ ತಡವಿ ನೋಡಿದ ಕೈಯ ಬರೆಹ. ಒಂದು ತಾಳೆಗರಿಯ ಕಟ್ಟು ಮೈಸೂರಿನ ಒಂದು ಮೇಜಿನ ಮೇಲೆ ಬಿಚ್ಚಿಕೊಂಡುದರಿಂದ ಯೂರೋಪಿನ ಪಡಿಯಚ್ಚು ಬಿರುಕುಬಿಟ್ಟಿತು. ಆದರೆ ಅದರ ಪಾಠವನ್ನು ನಾವು ಪೂರ್ಣವಾಗಿ ಕಲಿತೆವೆಂದು ಹೇಳಲಾರೆ. ಇಂದಿಗೂ ಸಾರ್ವಜನಿಕ ಭಾಷಣಗಳಲ್ಲಿ ನಾವು ಅಧ್ಯಾತ್ಮವನ್ನು ಪೂರ್ವಕ್ಕೂ ಐಹಿಕವನ್ನು ಪಶ್ಚಿಮಕ್ಕೂ ಹಂಚಿಕೊಟ್ಟು ತೃಪ್ತರಾಗುತ್ತೇವೆ. ಕಾರ್ಯದಕ್ಷತೆಯನ್ನು ಪರರ ಪಾಲಿಗೆ ಬರೆದುಕೊಟ್ಟು ವೈರಾಗ್ಯವನ್ನು ತನ್ನ ಪಾಲಿಗೆ ಉಳಿಸಿಕೊಂಡ ಜನವು, ತನ್ನ ಕಚೇರಿಯ ಕಡತ ಆರು ತಿಂಗಳು ಅಲುಗದಿದ್ದಾಗ ಅದನ್ನು ದೋಷವೆಂದು ಕಾಣದೆ ಪ್ರಕೃತಿಯೆಂದು ಸಹಿಸಿಕೊಳ್ಳುತ್ತದೆ.

ಆಳುವವರ ಅಗತ್ಯ ಬದಲಾದಂತೆ ಜನದ 'ಸ್ವಭಾವ'ವೂ ಬದಲಾಗುತ್ತದೆಂಬುದನ್ನು ಇನ್ನೊಂದು ಸಂಗತಿಯಿಂದ ಸಂಕ್ಷೇಪವಾಗಿ ತೋರಿಸುತ್ತೇನೆ. ೧೭೮೦ರಲ್ಲಿ ಪೊಲ್ಲಿಲೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಒಂದು ಸೈನ್ಯವನ್ನು ಮೈಸೂರಿನ ಹೈದರ್ ಅಲಿ ಮತ್ತು ಟಿಪ್ಪುವಿನ ಪಡೆ ನುಚ್ಚುನೂರು ಮಾಡಿತು. ಮುಂದೆ ಅದೇ ಮೈಸೂರಿನ ಮೇಲೆ ಕಂಪನಿಯು ಗೆದ್ದುದೂ ಬಹುಮಟ್ಟಿಗೆ ಮದರಾಸಿನ ಸಿಪಾಯಿಗಳ ಬಲದಿಂದ. ನೂರು ವರ್ಷ ಕಳೆಯುವುದರೊಳಗೆ, ೧೮೫೭ರ ದಂಗೆಯ ತರುವಾಯ ಸೈನ್ಯದ ಭರ್ತಿಯು ಪಂಜಾಬು ನೇಪಾಳಗಳ ಕಡೆಗೆ ತಿರುಗಿದಾಗ, ದಕ್ಷಿಣದ ಬಹುಪಾಲು ಜನ 'ಯುದ್ಧಶೀಲ ಜಾತಿ'ಗಳ ಪಟ್ಟಿಯಿಂದ ಹೊರಬಿದ್ದರು. ಒಂದು ನೂರು ವರ್ಷದಲ್ಲಿ ರಕ್ತ ಬದಲಾಗಲಿಲ್ಲ. ಪಟ್ಟಿ ಬರೆಯುವವರ ಪ್ರಯೋಜನ ಬದಲಾಯಿತು.

೪

ಸ್ಥಿತಿಯನ್ನು ಸ್ವಭಾವವೆಂದು ಕರೆಯುವ ತಪ್ಪು ಪುಸ್ತಕದಲ್ಲಿ ಉಳಿದಿರುವವರೆಗೆ ಅದು ವಿದ್ವಾಂಸರ ತಪ್ಪು; ಅದು ಶಾಸನವಾದಾಗ ಮಕ್ಕಳುಮರಿಗಳ ಬಾಳಿನ ಮೇಲೆ ಬೀಳುವ ಕಲ್ಲು. ನಮ್ಮ ಕನ್ನಡನಾಡಿನ ಬಯಲುಗಳಲ್ಲಿ ಒಂದು ಕಾಲಕ್ಕೆ ಸಾವಿರಾರು ಎತ್ತುಗಳ ಮೇಲೆ ದವಸ, ಉಪ್ಪುಗಳನ್ನು ಹೇರಿಕೊಂಡು ಲಂಬಾಣಿಗರ ಸಾಲುಗಳು ನಡೆಯುತ್ತಿದ್ದುವು. ೧೭೯೧-೯೨ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಂದ ಕಂಪನಿಯ ಸೇನಾನಿ ಕಾರ್ನ್‌ವಾಲೀಸನ ಸೈನ್ಯಕ್ಕೆ ಅನ್ನ ಸಿಕ್ಕಿದ್ದು ಅವರ ಎತ್ತುಗಳಿಂದ. ಹಾಗೆಯೇ ಕೊರಚರು, ಕೊರಮರು ಕರಾವಳಿಯ ಉಪ್ಪನ್ನು ಒಳನಾಡಿಗೂ ಒಳನಾಡಿನ ಧಾನ್ಯವನ್ನು ಉಪ್ಪಿನ ನಾಡಿಗೂ ಸಾಗಿಸುತ್ತ ಬಾಳಿದವರು. ಅಲೆದಾಟವು ಅವರ ಚಪಲವಲ್ಲ. ಅದು ಅವರ ಉದ್ಯೋಗ. ರೈಲು ಬಂದಿತು, ಸರ್ಕಾರದ ಉಪ್ಪಿನ ನೀತಿ ಬಂದಿತು. ಎತ್ತಿನ ಬೆನ್ನು ಬರಿದಾಯಿತು. ಉದ್ಯೋಗವಳಿದು ಅಲೆದಾಟ ಮಾತ್ರ ಉಳಿದಾಗ, ಹಸಿದ ಕೆಲವರು ಕದ್ದಿದ್ದೂ ಉಂಟು. ಇದು ಸ್ಥಿತಿ.

೧೮೭೧ರಲ್ಲಿ ಜಾರಿಗೆ ಬಂದು, ೧೯೧೧ರ ಶಾಸನದಿಂದ ದಕ್ಷಿಣಕ್ಕೂ ವ್ಯಾಪಿಸಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇದನ್ನು ಸ್ವಭಾವವೆಂದು ಕರೆಯಿತು. ಮಸೂದೆಯನ್ನು ಸಮರ್ಥಿಸಿದವರ ತರ್ಕವು ನಮ್ಮನ್ನು ಇಂದಿಗೂ ತಲೆತಗ್ಗಿಸುವಂತೆ ಮಾಡಬೇಕು. ಭಾರತದಲ್ಲಿ ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರನಾಗಿರುವಂತೆ ಕಳ್ಳನ ಮಗನೂ ಕಳ್ಳನೇ ಆಗಿರಬೇಕೆಂಬುದು ಅವರ ವಾದ. ಅಂದರೆ, ಹುಟ್ಟಿನಿಂದ ಗುಣವನ್ನು ಗೊತ್ತುಮಾಡುವ ನಮ್ಮದೇ ಜಾತಿಪದ್ಧತಿಯ ಹಳೆಯ ಕಟ್ಟಳೆಯನ್ನು ಪರಕೀಯ ಪ್ರಭುತ್ವವು ಎರವಲಾಗಿ ಪಡೆದು, ಅದಕ್ಕೆ ಕಾನೂನಿನ ಮುದ್ರೆಯೊತ್ತಿತು. ಹೆಸರು ದಾಖಲಾದವನು ಪೊಲೀಸರ ಮುಂದೆ ಹಾಜರಿ ಕೊಡಬೇಕು, ಚೀಟಿಯಿಲ್ಲದೆ ಊರು ಬಿಡಕೂಡದು. ಮುಂದಣ ತಿದ್ದುಪಡಿಗಳು ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಲೂ ಅವಕಾಶವಿತ್ತುವು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ, ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ, ಈ ಜನರನ್ನು ಕೂಡಿಹಾಕಿದ ವಸಾಹತುಗಳು ಎದ್ದುವು. ೧೯೫೨ರಲ್ಲಿ ಆ ಕಾಯಿದೆಯು ದೇಶದಾದ್ಯಂತ ರದ್ದಾಗಿ, ಈ ಜನರು 'ವಿಮುಕ್ತ'ರೆನಿಸಿಕೊಂಡರು. ಆದರೆ ಹುಬ್ಬಳ್ಳಿಯಲ್ಲಿಯೂ ಗದಗ-ಬೆಟಗೇರಿಯಲ್ಲಿಯೂ ಆ ಬಡಾವಣೆಗಳನ್ನು ಜನ ಇಂದಿಗೂ 'ಸೆಟ್ಲಮೆಂಟ್' ಎಂದೇ ಕರೆಯುತ್ತಾರೆ. ಕಾಯಿದೆ ರದ್ದಾಗುವುದಕ್ಕೆ ಒಂದು ಸಹಿ ಸಾಕು. ಪಡಿಯಚ್ಚು ಕರಗುವುದಕ್ಕೆ ತಲೆಮಾರುಗಳು ಬೇಕು.

೫

ಇನ್ನು ನಮ್ಮ ಮನೋಧರ್ಮದ ಬಗೆಗೆ ಅತ್ಯಂತ ಪ್ರಚಲಿತವಾಗಿರುವ ಒಂದು ಮಾತನ್ನು ಪರೀಕ್ಷಿಸೋಣ. ಭಾರತೀಯನು ವಿಧಿವಾದಿ, ಎಲ್ಲಕ್ಕೂ ಹಣೆಬರಹವೆನ್ನುತ್ತ ಕೈಕಟ್ಟಿ ಕೂರುವವನು ಎಂಬುದೇ ಆ ಮಾತು. ನಮ್ಮ ಹಳ್ಳಿಗಳಲ್ಲಿ ಹಣೆಬರಹವೆಂಬ ಶಬ್ದ ದಿನಕ್ಕೆ ಹತ್ತು ಸಲ ಕೇಳಿಬರುತ್ತದೆಂಬುದು ನಿಜ. ಆದರೆ ಶಬ್ದವನ್ನು ಕೇಳಿದರೆ ಸಾಲದು. ಅದನ್ನು ಯಾವಾಗ ಆಡುತ್ತಾರೆಂಬುದನ್ನೂ ನೋಡಬೇಕು.

ನಾನು ಹುಟ್ಟಿ ಬೆಳೆದುದು ಬಯಲುಸೀಮೆಯ ಒಂದು ಕೆರೆಯ ಕೆಳಗಣ ಊರಿನಲ್ಲಿ. ಮುಂಗಾರು ಕೈಕೊಟ್ಟ ಒಂದು ವರ್ಷ, ಕೆರೆಯಲ್ಲಿ ಮೂರರಲ್ಲೊಂದು ಪಾಲು ನೀರೂ ನಿಂತಿರಲಿಲ್ಲ. ಊರಿನ ಹಿರಿಯರು ಏರಿಯ ಮೇಲಣ ಆಲದ ನೆರಳಿನಲ್ಲಿ ಕುಳಿತರು. ನನ್ನ ಅಜ್ಜನ ಪಂಚೆಯ ಸೆರಗನ್ನು ಹಿಡಿದು ನಾನೂ ಹೋಗಿದ್ದೆ. ಇದ್ದ ನೀರು ಅಚ್ಚುಕಟ್ಟಿಗೆಲ್ಲ ಸಾಲದು. ತೂಬಿನ ಸಮೀಪದ ಗದ್ದೆಗಳಿಗೆ ಮಾತ್ರ ಸಾಕು. ಹಾಗಾದರೆ ದೂರದ ಗದ್ದೆಯವರ ಗತಿಯೇನು? ಅಂದಿನ ತೀರ್ಮಾನ ಹೀಗಾಯಿತು: ಆ ಒಂದು ಬೆಳೆಗೆ ತೂಬಿನ ಹತ್ತಿರದ ಭೂಮಿಯನ್ನು ಎಲ್ಲರ ಭೂಮಿಯೆಂದು ಎಣಿಸಿ, ಅವರವರ ಹಿಡುವಳಿಗೆ ತಕ್ಕಂತೆ ತುಂಡು ತುಂಡಾಗಿ ಹಂಚುವುದು; ಹತ್ತು ಪಾಲಿದ್ದವನಿಗೆ ಮೂರು, ಮೂರು ಪಾಲಿದ್ದವನಿಗೆ ಒಂದಕ್ಕಿಂತ ಒಂದಿಷ್ಟು ಕಡಿಮೆ. ಇಂಥ ಹಂಚಿಕೆಗೆ ನಮ್ಮ ನಾಡಿನಲ್ಲಿ ದಾಮಾಶಾ ಎಂಬ ಹೆಸರುಂಟೆಂದು ನಾನು ಅರಿತುದು ಬಹುಕಾಲದ ಮೇಲೆ. ಯಾವ ಸರ್ಕಾರದ ಆಜ್ಞೆಯೂ ಅಲ್ಲಿರಲಿಲ್ಲ. ಸಭೆ ಮುಗಿದು ಎಲ್ಲರೂ ಏಳುವಾಗ ನನ್ನ ಅಜ್ಜ, "ಇನ್ನು ಮಿಕ್ಕಿದ್ದು ಹಣೆಬರಹ ಕಣಪ್ಪಾ" ಎಂದರು. ಎಣಿಕೆಯೆಲ್ಲ ಮುಗಿದ ಮೇಲೆ, ಮಾಡತಕ್ಕುದನ್ನೆಲ್ಲ ಮಾಡಿದ ಮೇಲೆ, ಮನುಷ್ಯನ ಕೈಗೆಟುಕದ ಮಳೆಯ ಎದುರಿಗೆ ಆಡಿದ ಸಮಾಧಾನದ ಮಾತು ಅದು. ಅದನ್ನು ಕೇಳಿದ ದಾರಿಹೋಕನೊಬ್ಬನು ತನ್ನ ಪುಸ್ತಕದಲ್ಲಿ 'ಈ ಜನ ವಿಧಿವಾದಿಗಳು' ಎಂದು ಬರೆದುಕೊಂಡರೆ, ಅವನು ಕೇಳಿದ ಮಾತು ಸತ್ಯ, ಬರೆದ ಮಾತು ಅಸತ್ಯ.

ಆದರೆ ಈ ಚಿತ್ರವನ್ನು ಇಲ್ಲಿಗೇ ನಿಲ್ಲಿಸಿ, ನೋಡಿರಿ ನಮ್ಮ ಹಳ್ಳಿಗಳ ಸಹಕಾರವೆಷ್ಟು ರಮ್ಯವೆಂದು ಹೆಮ್ಮೆಪಟ್ಟರೆ ನಾನೂ ಇನ್ನೊಂದು ಪಡಿಯಚ್ಚನ್ನು ಎರಕ ಹೊಯ್ದಂತಾಗುತ್ತದೆ. ಆ ತೀರ್ಮಾನವನ್ನು ನಡೆಸಿಕೊಟ್ಟವರು ನಮ್ಮೂರ ನೀರುಗಂಟಿ. ತೂಬಿನ ಗೂಟವನ್ನು ಎಷ್ಟು ಎತ್ತಬೇಕು, ಯಾವ ಕಾಲುವೆಗೆ ಎಷ್ಟು ಹೊತ್ತು ಬಿಡಬೇಕು, ಯಾರ ಮಡಿಯ ಬಾಯನ್ನು ಯಾವಾಗ ಕಟ್ಟಬೇಕು ಎಂಬುದೆಲ್ಲ ಆ ವೃದ್ಧರ ಕೈಯಲ್ಲಿತ್ತು. ನಡುರಾತ್ರಿಯಲ್ಲಿ ಕಂದೀಲು ಹಿಡಿದು, ಸನಿಕೆಯನ್ನು ಹೆಗಲಿಗೇರಿಸಿ ಅವರು ಬದುವಿನ ಮೇಲೆ ನಡೆಯುವುದನ್ನು ನಾನು ನಮ್ಮ ಮನೆಯ ಜಗಲಿಯಿಂದ ನೋಡಿದ್ದೇನೆ. ಊರಿನ ಗೌಡರೂ ಅವರ ಅಳತೆಯನ್ನು ಪ್ರಶ್ನಿಸುತ್ತಿರಲಿಲ್ಲ. ಆದರೆ ಆ ವೃದ್ಧರು ಹೊಲಗೇರಿಯವರು. ಇಡೀ ಊರಿಗೆ ನೀರನ್ನು ಅಳೆದು ಹಂಚಿದ ಆ ಕೈ ಊರ ಬಾವಿಯ ಹಗ್ಗವನ್ನು ಮುಟ್ಟುವಂತಿರಲಿಲ್ಲ. ಅವರ ಮನೆಯ ಹೆಂಗಸರು ಬಾವಿಯಿಂದ ಹತ್ತು ಮಾರು ದೂರದಲ್ಲಿ ಕೊಡವಿಟ್ಟು, ಯಾರಾದರೂ ಮರುಕಗೊಂಡು ಹೊಯ್ಯಲೆಂದು ಕಾದು ನಿಲ್ಲುತ್ತಿದ್ದರು. ಆ ವೃದ್ಧರ ಹೆಸರೇನೆಂಬುದು ನನಗೆ ಗೊತ್ತಿಲ್ಲ. ಊರಿನವರೆಲ್ಲ 'ನೀರುಗಂಟಿ' ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ.

೧೯೨೭ನೆಯ ಇಸವಿಯನ್ನು ನಾನು ಈ ನೆನಪಿನ ಪಕ್ಕದಲ್ಲಿ ಇಟ್ಟು ನೋಡುವುದುಂಟು. ಆ ವರ್ಷ ಕ್ಯಾಥರೀನ್ ಮೇಯೋ ಎಂಬ ಅಮೆರಿಕದ ಲೇಖಕಿ 'ಮದರ್ ಇಂಡಿಯಾ' ಎಂಬ ಪುಸ್ತಕವನ್ನು ಬರೆದು, ಬಾಲ್ಯವಿವಾಹ, ಅಸ್ಪೃಶ್ಯತೆ, ರೋಗರುಜಿನ ಇವನ್ನೆಲ್ಲ ಭಾರತೀಯರ ಸ್ವಭಾವದ ಫಲವೆಂದು ತೋರಿಸಿ, ಇಂಥವರು ಸ್ವರಾಜ್ಯಕ್ಕೆ ಯೋಗ್ಯರಲ್ಲವೆಂಬ ಅಭಿಪ್ರಾಯವನ್ನು ಲೋಕದಲ್ಲಿ ಬಿತ್ತಿದಳು. ದೇಶ ಕೆರಳಿತು. ಲಾಲಾ ಲಜಪತರಾಯರು ಒಂದು ಗ್ರಂಥವನ್ನೇ ಉತ್ತರವಾಗಿ ಬರೆದರು. ಗಾಂಧೀಜಿಯವರು ಆ ಪುಸ್ತಕವನ್ನು ಚರಂಡಿಗಳನ್ನಷ್ಟೇ ತೆರೆದು ನೋಡಿದ ತನಿಖೆಗಾರನ ವರದಿಗೆ ಹೋಲಿಸಿದರು. ಆದರೆ ಅಷ್ಟಕ್ಕೇ ನಿಲ್ಲದೆ, ಪ್ರತಿಯೊಬ್ಬ ಭಾರತೀಯನೂ ಅದನ್ನು ಓದಿ ಪ್ರಯೋಜನ ಪಡೆಯಬಹುದೆಂದೂ, ಆರೋಪದ ರೂಪವನ್ನು ನಿರಾಕರಿಸಿದರೂ ಅದರ ಒಳಗಿನ ವಸ್ತುವನ್ನು ನಿರಾಕರಿಸಲಾಗದೆಂದೂ ಹೇಳಿದರು. ಅದೇ ೧೯೨೭ರ ಮಾರ್ಚ್ ೨೦ರಂದು ಮಹಾಡಿನಲ್ಲಿ ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ ಚವದಾರ್ ಕೆರೆಯ ಬಳಿಗೆ ನಡೆದು ಬೊಗಸೆಯಲ್ಲಿ ನೀರನ್ನೆತ್ತಿ ಕುಡಿದರು. ಪುಸ್ತಕಕ್ಕೆ ಪುಸ್ತಕದಿಂದ ಉತ್ತರ ಬಂದುದು ಒಳ್ಳೆಯದೇ. ಆದರೆ ಅಸ್ಪೃಶ್ಯತೆಯು ಈ ಜನದ ಅಳಿಸಲಾಗದ ಸ್ವಭಾವವೆಂಬ ಆರೋಪಕ್ಕೆ ನಿಜವಾದ ಉತ್ತರ ಆ ಬೊಗಸೆಯಲ್ಲಿತ್ತು. ಅದು ಸ್ಥಿತಿ, ಅದನ್ನು ಬದಲಾಯಿಸಬಹುದು, ಬದಲಾಯಿಸುತ್ತೇವೆ ಎಂದು ಆ ಜನರು ನಡೆದು ತೋರಿಸಿದರು. ಅವರು ನೀರು ಕುಡಿದುದಕ್ಕಾಗಿ ಅವರನ್ನು ಹೊಡೆದವರೂ, ಆಮೇಲೆ ಕೆರೆಯನ್ನು ಶುದ್ಧಿಮಾಡಿಸಿದವರೂ ನಮ್ಮವರೇ. ಸಹಿಷ್ಣುತೆಯು ನಮ್ಮ ಜನ್ಮಗುಣವೆಂದು ಹೇಳಿಕೊಳ್ಳುವಾಗ ಈ ಸಂಗತಿಯನ್ನು ಮರೆಯಬಾರದು.

೬

ಕೊನೆಯದಾಗಿ ಕನ್ನಡಿಗರ ಮಾತು. ಕನ್ನಡಿಗನು ಮೃದು, ಉದಾರಿ, ಸ್ವಾಭಿಮಾನವಿಲ್ಲದವನು ಎಂದು ಪರರು ಹೇಳುವುದಕ್ಕಿಂತ ಹೆಚ್ಚಾಗಿ ನಾವೇ ಹೇಳಿಕೊಳ್ಳುತ್ತೇವೆ. ಕೆಲವರು ಹೊಗಳಿಕೆಯಾಗಿ, ಕೆಲವರು ಬೈಗುಳವಾಗಿ. ಬಾದಾಮಿಯ ಬಂಡೆಯೊಂದರ ಮೇಲೆ ಸುಮಾರು ಕ್ರಿ.ಶ. ೭೦೦ರಲ್ಲಿ ಕೊರೆದ ಕಪ್ಪೆ ಅರಭಟ್ಟನ ಶಾಸನವನ್ನು ತಮ್ಮಲ್ಲಿ ಹಲವರು ಓದಿದ್ದೀರಿ. ಅಲ್ಲಿ ವರ್ಣಿತನಾದ ವೀರನು ಬರಿಯ ಮೃದುವೂ ಅಲ್ಲ, ಬರಿಯ ಉಗ್ರನೂ ಅಲ್ಲ. ಎದುರಿಗೆ ಬಂದವನ ನಡತೆಗೆ ತಕ್ಕಂತೆ ಸಜ್ಜನನೂ ಆಗಬಲ್ಲ, ಯಮನೂ ಆಗಬಲ್ಲ. ನಮ್ಮ ನುಡಿಯ ಅತಿ ಹಳೆಯ ಪದ್ಯಗಳಲ್ಲೊಂದು ಮನುಷ್ಯನ ಗುಣವನ್ನು ಒಂದೇ ವಿಶೇಷಣದಲ್ಲಿ ಕಟ್ಟಿಹಾಕದೆ, ಸಂದರ್ಭದೊಡನೆ ಕೂಡಿಸಿ ಹೇಳಿತೆಂಬುದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಸ್ಥಿತಿಯ ಅರಿವು ಆ ಕವಿಗಿತ್ತು.

ಕರ್ನಾಟಕವು ಒಂದಾಗುವ ಮೊದಲು ಮೈಸೂರಿನವರು ಧಾರವಾಡದವರನ್ನು ಒರಟರೆಂದೂ, ಧಾರವಾಡದವರು ಮೈಸೂರಿನವರನ್ನು ಬೆಣ್ಣೆ ಮಾತಿನವರೆಂದೂ, ಇಬ್ಬರೂ ಕೂಡಿ ಕರಾವಳಿಯವರನ್ನು ಲೆಕ್ಕಾಚಾರದವರೆಂದೂ ಬಗೆದಿದ್ದರು. ಒಂದು ಕಡೆ ಅರಮನೆಯ ಆಡಳಿತ, ಇನ್ನೊಂದು ಕಡೆ ಮುಂಬಯಿ ಪ್ರಾಂತದ ಮರಾಠಿಯ ಒತ್ತಡ, ಮತ್ತೊಂದು ಕಡೆ ಮದರಾಸಿನ ಅಂಚು, ಮಗದೊಂದು ಕಡೆ ನಿಜಾಮರ ಉರ್ದುವಿನ ಆಳಿಕೆ. ಈ ನಾಲ್ಕು ಸ್ಥಿತಿಗಳು ನಾಲ್ಕು ನಡೆನುಡಿಗಳನ್ನು ರೂಪಿಸಿದುವು. ಅವನ್ನು ನಾಲ್ಕು ಸ್ವಭಾವಗಳೆಂದು ನಂಬಿದ್ದರೆ ೧೯೫೬ರ ನವೆಂಬರ್ ೧ರಂದು ನಾವು ಒಂದು ರಾಜ್ಯವಾಗುತ್ತಿರಲಿಲ್ಲ. ಆಲೂರ ವೆಂಕಟರಾಯರಂಥವರು ಆ ವ್ಯತ್ಯಾಸಗಳ ಕೆಳಗಿದ್ದ ಒಂದು ನೆಲವನ್ನು ಕಂಡುದರಿಂದಲೇ ನಮಗೆ ಈ ನಾಡು ದೊರೆಯಿತು.

ಹೀಗೆ ದೊರೆತ ನಾಡಿನಲ್ಲಿ, ೨೦೧೨ರ ಆಗಸ್ಟ್ ತಿಂಗಳಲ್ಲಿ, ವದಂತಿಗಳಿಗೆ ಹೆದರಿದ ಈಶಾನ್ಯ ಭಾರತದ ಸಾವಿರಾರು ಯುವಕ ಯುವತಿಯರು ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗುವಾಹಟಿಯ ಗಾಡಿಗಾಗಿ ಗಂಟುಮೂಟೆಯೊಡನೆ ಕಾದು ನಿಂತುದನ್ನು ನಾವು ನೋಡಿದೆವು. ವದಂತಿಯು ಎಲ್ಲಿಯದಾದರೂ ಆಗಲಿ. ಅದನ್ನು ಅವರು ಅಷ್ಟು ಬೇಗ ನಂಬಿದುದೇಕೆ? ತಮ್ಮನ್ನು ಹೆಸರು ಹಿಡಿದು ಕರೆಯುವ ನೆರೆಹೊರೆ ಅವರಲ್ಲಿ ಎಷ್ಟು ಜನಕ್ಕೆ ಇತ್ತು? ಅಸ್ಸಾಮಿನವರನ್ನೂ ಮಣಿಪುರದವರನ್ನೂ ನಾಗಾಲ್ಯಾಂಡಿನವರನ್ನೂ ಮುಖಚಹರೆಯ ಒಂದೇ ಪಡಿಯಚ್ಚಿನಲ್ಲಿ ಒತ್ತಿ ನೋಡಿದ ನಮಗೆ, ಉತ್ತರದವರು ನಮ್ಮನ್ನೆಲ್ಲ ಮದ್ರಾಸಿಗಳೆಂದಾಗ ನೋವಾಗುತ್ತದೆಂದು ಹೇಳುವ ಅಧಿಕಾರ ಎಷ್ಟರಮಟ್ಟಿಗೆ ಉಳಿದಿದೆಯೆಂದು ನಾನು ನನ್ನನ್ನೇ ಕೇಳಿಕೊಂಡಿದ್ದೇನೆ.

೭

ಹಾಗಾದರೆ ಜನಕ್ಕೆ ಸಮಾನವಾದ ಸಂಸ್ಕೃತಿಯೆಂಬುದೇ ಇಲ್ಲವೆ, ಒಂದು ದೇಶದ ಮನೋಧರ್ಮವೆಂಬುದು ಶುದ್ಧ ಕಲ್ಪನೆಯೆ ಎಂದು ತಾವು ಕೇಳಬಹುದು. ಹಾಗಲ್ಲ. ಒಂದೇ ನೆಲದ ಮಳೆ ಬೆಳೆ, ಒಂದೇ ಕಥೆಗಳು, ಒಂದೇ ಬಗೆಯ ಸುಖದುಃಖಗಳು ತಲೆಮಾರುಗಳ ಕಾಲ ಜೊತೆಗೂಡಿದಾಗ ಜನರಲ್ಲಿ ಸಮಾನವಾದ ಒಂದು ಬಗೆಯ ನಡೆ ಮೂಡುತ್ತದೆ. ಅದು ಪರಂಪರೆ. ಆದರೆ ಪರಂಪರೆಯು ಅಚ್ಚುಮೊಳೆಯ ಪುಟದಂತಿರಬೇಕು. ತಪ್ಪಿದ ಮೊಳೆಯನ್ನು ಎತ್ತಲು, ಸರಿಯಾದುದನ್ನು ಕೂರಿಸಲು ಅದರಲ್ಲಿ ಎಡೆಯಿರಬೇಕು. ನಿಂದೆಯಿಂದ ಎರಕಗೊಂಡ ಫಲಕವಾಗಲಿ ಸ್ತುತಿಯಿಂದ ಎರಕಗೊಂಡ ಫಲಕವಾಗಲಿ, ಅದು ಫಲಕವಾದೊಡನೆ ಜನದ ಬಾಳು ತಿದ್ದುಪಡಿಗೆ ಒಗ್ಗದಂತಾಗುತ್ತದೆ.

ಈ ಸಭೆಯಲ್ಲಿ ಕುಳಿತಿರುವ ತರುಣರಲ್ಲಿ ನನ್ನದೊಂದು ವಿನಂತಿಯಿದೆ. ಯಾವುದಾದರೂ ಜನವನ್ನು ಕುರಿತು 'ಅವರು ಇಂಥವರು' ಎನ್ನುವ ಮುನ್ನ, ಆ ಜನದಲ್ಲಿ ಒಬ್ಬರನ್ನಾದರೂ ಹೆಸರಿನಿಂದ ಬಲ್ಲೆವೆ, ಅವರ ಮನೆಯ ಹೊಸ್ತಿಲನ್ನು ಒಮ್ಮೆಯಾದರೂ ದಾಟಿದ್ದೇವೆಯೆ 
ಎಂದು ಕೇಳಿಕೊಳ್ಳಿರಿ. 'ನಾವು ಇಂಥವರು' ಎನ್ನುವ ಮುನ್ನವೂ ಅಷ್ಟೇ: ಆ 'ನಾವು' ಎಂಬುದರಲ್ಲಿ ಯಾರು ಸೇರಿದ್ದಾರೆ, ಯಾರು ಬಾವಿಯಿಂದ ಹತ್ತು ಮಾರು ದೂರ ನಿಂತಿದ್ದಾರೆ ಎಂದು ನೋಡಿರಿ.

ಕೆಲವು ವರ್ಷಗಳ ಕೆಳಗೆ ನಾನು ಊರಿಗೆ ಹೋದಾಗ ಆ ನೀರುಗಂಟಿಯವರ ಹೆಸರನ್ನು ವಿಚಾರಿಸಿದೆ. ನನ್ನ ಓರಗೆಯವರಾರಿಗೂ ಅದು ತಿಳಿದಿರಲಿಲ್ಲ. ಅವರ ಮನೆಯವರು ಊರು ಬಿಟ್ಟು ಬಹುಕಾಲವಾಗಿತ್ತು. ತಾವು ತಮ್ಮ ತಮ್ಮ ಊರುಗಳಲ್ಲಿ, ತಿಳಿದವರು ಇನ್ನೂ ಬದುಕಿರುವಾಗಲೇ, ಇಂಥವರ ಹೆಸರುಗಳನ್ನು ಕೇಳಿ ಬರೆದಿಟ್ಟುಕೊಳ್ಳಿರಿ.